ಐದು ಪ್ರಶ್ನಾರ್ಥಕ ಚಿಹ್ನೆಗಳ ಹೆಸರು

ದೇವರು ಮೈಮೇಲೆ ಬಂತು, ಸತ್ತವರು ಕನಸಿನಲ್ಲಿ ಬಂದು ಹೇಳಿದರು ಎಂದರೆ ಸಾಕು, ನನಗೆ ನಗು ಬರುತ್ತಿತ್ತು. "ಹೋಗ್ರೀ, ಕಿವಿ ಮೇಲೆ ಹೂವಿಡಬೇಡಿ" ಎಂದು ಮುಖಕ್ಕೇ ಹೇಳಿಬಿಡುತ್ತಿದ್ದೆ. ಮುಂಬೈ ದಾದರಿನ ಪುಟ್ಟ ಪ್ರೆಸ್ಸೊಂದರಲ್ಲಿ ಇಪ್ಪತ್ತು ವರ್ಷದಿಂದ ಕನ್ನಡ ಟೈಪ್ ಮಾಡುವವಳು ನಾನು. ನಂಬುವುದಿದ್ದರೆ ಅಂಕಿಯನ್ನು ನಂಬುತ್ತೇನೆ. ಕಂಪ್ಯೂಟರಿನ ಹೊಟ್ಟೆಯಲ್ಲಿ ಅಕ್ಷರ ಇರುವುದಿಲ್ಲ, ಅಂಕಿ ಇರುತ್ತದೆ. ಯೂನಿಕೋಡ್ ಎಂಬ ಅಕ್ಷರಪಟ್ಟಿಯಲ್ಲಿ 'ಕ' ಎಂದರೆ 3221. ಕಾಂದಿವಲಿಯಲ್ಲಿ ನನ್ನ ಮೊಬೈಲಿನಲ್ಲೂ ಅದೇ, ಮೈಸೂರಿನಲ್ಲಿ ತಂಗಿಯ ಮೊಬೈಲಿನಲ್ಲೂ ಅದೇ. ಇಷ್ಟೊಂದು ಲಿಪಿಗಳ ಅಕ್ಷರಕ್ಕೆಲ್ಲ ಕೂತು ಒಂದೊಂದು ಅಂಕಿ ಕೊಟ್ಟವರನ್ನು ನೆನೆದರೆ ಇವತ್ತಿಗೂ ಕೈಮುಗಿಯಬೇಕೆನಿಸುತ್ತದೆ.

ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಸುಮತಿ ಅಕ್ಕ ಪೆನ್‌ಡ್ರೈವ್ ಹಿಡಿದು ಬಂದರು. ಉಡುಪಿ ಕಡೆಯವರು, ಸ್ಟೇಷನ್ ಹತ್ತಿರ ಅವರ ಹೋಟೆಲು. ಗಂಡ ತೀರಿಹೋಗಿ ಮೂರು ತಿಂಗಳಾಗಿತ್ತು. ಮಗಳಿಗೆ ಹೆಣ್ಣು ಮಗು ಹುಟ್ಟಿ, ಮರುದಿನ ತೊಟ್ಟಿಲು. ಗಂಡಾದರೂ ಹೆಣ್ಣಾದರೂ ಇದೇ ಇರಲಿ ಎಂದು ಅಜ್ಜ ಒಂದು ಹೆಸರು ಆರಿಸಿ, ಮಗಳಿಗೆ ಕಂಪ್ಯೂಟರಿನಲ್ಲಿ ಪತ್ರ ಬರೆದಿಟ್ಟು, ತೊಟ್ಟಿಲಿನ ದಿನದವರೆಗೆ ಯಾರೂ ನೋಡಬಾರದು ಎಂದಿದ್ದರಂತೆ. "ಹೆಸರು ಇದರಲ್ಲಿ ಉಂಟು. ಒಳ್ಳೆ ಕಾಗದದಲ್ಲಿ ಪ್ರಿಂಟ್ ಮಾಡಿ ಕವರಿಗೆ ಹಾಕಿಕೊಡು, ಆಯ್ತಾ? ನಾಳೆ ಅಕ್ಕಿಯಲ್ಲಿ ಬರೀಬೇಕು" ಎಂದು ಹೇಳಿ ಹೋದರು.

ಮುಂಬೈಯಲ್ಲೇ ಬೆಳೆದ ಮಗಳಿಗೆ ಕನ್ನಡ ಓದಲು ಬಾರದು. ಅದಕ್ಕೇ ಪತ್ರವನ್ನೆಲ್ಲ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಬರೆದಿದ್ದರು. ಹೆಸರೊಂದು ಮಾತ್ರ ಕನ್ನಡ ಲಿಪಿಯಲ್ಲಿ. ನಾನು, ದಡ್ಡಿ, ಏನನ್ನೂ ಓದದೆ ಪ್ರೆಸ್ಸಿನ ಹಳೇ ಸಾಫ್ಟ್‌ವೇರಿನಲ್ಲಿ ತೆರೆದು ಸೇವ್ ಒತ್ತಿದೆ. ಕೆಲವು ಅಕ್ಷರ ಕಳೆದುಹೋಗಬಹುದು ಎಂದು ಅದು ಎಚ್ಚರಿಸಿತು. ದಿನಕ್ಕೆ ಹತ್ತು ಸಲ ನೋಡುವ ಎಚ್ಚರಿಕೆ, ಹೂಂ ಎಂದೆ. ಆ ಸಾಫ್ಟ್‌ವೇರಿಗೆ ಯೂನಿಕೋಡ್ ಗೊತ್ತಿಲ್ಲ. ಗೊತ್ತಿಲ್ಲದ ಅಕ್ಷರವನ್ನೆಲ್ಲ ಪ್ರಶ್ನಾರ್ಥಕ ಚಿಹ್ನೆ ಮಾಡಿಬಿಡುತ್ತದೆ. ಹೆಸರಿದ್ದಲ್ಲಿ ಐದು ಚಿಹ್ನೆ. ಒಳಗಿನ ಅಂಕಿ ನೋಡಿದೆ: 63, 63, 63, 63, 63. ಐದೂ ಬರೀ ಪ್ರಶ್ನಾರ್ಥಕ ಚಿಹ್ನೆಯ ಅಂಕಿ. ಪೆನ್‌ಡ್ರೈವಿನಲ್ಲಿದ್ದ ಫೈಲಿನ ಮೇಲೇ ಸೇವ್ ಆಗಿತ್ತು, ಬೇರೆ ಪ್ರತಿ ಇರಲಿಲ್ಲ. ಸತ್ತವರ ಕಡೇ ಮಾತನ್ನು ನನ್ನ ಕೈಯಾರೆ ಅಳಿಸಿದ್ದೆ.

ಅಷ್ಟು ಹೊತ್ತಿಗೆ ರಾಘವಣ್ಣ ಬಂದು ಕೂತಿದ್ದರು. ಮಂಗಳೂರಿನವರು, ಒಂದು ಕಾಲದಲ್ಲಿ ಇದೇ ಪ್ರೆಸ್ಸಿನಲ್ಲಿ ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದವರು. ಮೊಳೆಯ ಮೇಲಿನ ಎಡಬಲ ತಿರುಗಿದ ಅಕ್ಷರವನ್ನು ಬೆರಳಲ್ಲೇ ಓದುತ್ತಿದ್ದ ಆಸಾಮಿ. ಕಂಪ್ಯೂಟರ್ ಮುಟ್ಟಿದವರಲ್ಲ. ಕಣ್ಣು ಮಂಜಾದ ಮೇಲೂ ಚಹಾ ಕುಡಿಯಲು ಬರುತ್ತಿದ್ದರು. ನನ್ನ ಅಳು ಕೇಳಿ, "ಒಂದು ಪ್ರಿಂಟ್ ತೆಗೆದು ಕೊಡು ಇಲ್ಲಿ" ಎಂದರು. ಹೆಸರಿನ ಜಾಗ ತೋರಿಸಿದೆ. ಆ ಚಿಹ್ನೆಗಳ ಮೇಲೆ ನಿಧಾನ ಬೆರಳಾಡಿಸಿದರು.

"ಮಂದಾರ" ಎಂದರು.

"ಅದು ಮೂರಕ್ಷರ ಅಲ್ವಾ, ಇಲ್ಲಿ ಐದಿದೆ!" ಎಂದು ರೇಗಿದೆ. ರೇಗಿದ ಮೇಲೆ ನನಗೇ ಹೊಳೆಯಿತು: ಯೂನಿಕೋಡಿನಲ್ಲಿ ಸೊನ್ನೆಗೆ ಬೇರೆ ಅಂಕಿ, ದೀರ್ಘಕ್ಕೆ ಬೇರೆ ಅಂಕಿ. ಮ, ಸೊನ್ನೆ, ದ, ದೀರ್ಘ, ರ. ಸರಿಯಾಗಿ ಐದು. ಆದರೂ ಐದು ಅಂಕಿಯ ಹೆಸರಿಗೇನು ಬರವೇ?

ಸುಮತಿ ಅಕ್ಕನಿಗೆ ನನ್ನ ತಪ್ಪನ್ನೂ ಹೇಳಿದೆ, ರಾಘವಣ್ಣ ಓದಿದ್ದನ್ನೂ ಹೇಳಿದೆ. "ಇರ್ಲಿ, ಹೆಸರು ಚೆಂದ ಉಂಟು" ಎಂದರು. ಮರುದಿನ ಹರಿವಾಣದ ಅಕ್ಕಿಯಲ್ಲಿ ಅದನ್ನೇ ಬರೆದರು.

ಎರಡು ತಿಂಗಳ ಮೇಲೆ ಸುಮತಿ ಅಕ್ಕ ಏದುಸಿರು ಬಿಡುತ್ತ ಪ್ರೆಸ್ಸಿಗೆ ಬಂದರು. ಹೋಟೆಲಿನ ಅಟ್ಟದಲ್ಲಿ, ಬಟ್ಟೆ ಸುತ್ತಿದ ಪುಟ್ಟ ಬೆಳ್ಳಿ ಲೋಟ ಸಿಕ್ಕಿತ್ತಂತೆ. ಗಂಡ ಬದುಕಿದ್ದಾಗಲೇ ಹೆಸರು ಕೊರೆಸಿ ಬಚ್ಚಿಟ್ಟದ್ದು. ತಿರುಗಿಸಿ ನೋಡಿದೆ. ಮಂದಾರ. ಇಬ್ಬರೂ ಅತ್ತುಬಿಟ್ಟೆವು.

ರಾಘವಣ್ಣ ಆ ಮನೆಯವರನ್ನು ಕಂಡವರೇ ಅಲ್ಲ. ಹೇಗೆ ಗೊತ್ತಾಯಿತು ಎಂದು ಪೀಡಿಸಿದೆ. "ಅಲ್ಲಿದ್ದದ್ದನ್ನು ಓದಿದೆ ಮಾರಾಯ್ತಿ" ಎಂದರು, ಅಷ್ಟೇ. ಎಂಥಾ ಮನುಷ್ಯ! ಈಗ ಅವರಿಲ್ಲ. ಮಂದಾರ ಶಾಲೆಗೆ ಹೋಗುತ್ತಾಳೆ, ಅದೇ ಲೋಟದಲ್ಲಿ ಹಾಲು ಕುಡಿಯುತ್ತಾಳೆ. ಆ ಪ್ರಿಂಟು ನನ್ನ ಡ್ರಾವರಿನಲ್ಲಿದೆ. ಪ್ರೆಸ್ಸಿನಲ್ಲಿ ಯಾರೂ ಇಲ್ಲದಾಗ ತೆಗೆದು, ಕಣ್ಣು ಮುಚ್ಚಿ, ಐದು ಚಿಹ್ನೆಗಳ ಮೇಲೆ ಬೆರಳಾಡಿಸುತ್ತೇನೆ. ನನ್ನ ಬೆರಳಿಗೆ ಇವತ್ತಿನವರೆಗೂ ನುಣುಪು ಕಾಗದ ಬಿಟ್ಟು ಬೇರೇನೂ ಸಿಕ್ಕಿಲ್ಲ.