ಎರಡು ಪ್ಯಾಟಿ ಬೆಲ್ಲ, ನನ್ನ ಒಂದ ಬೆರಳು

"ಆಯಿ, ಅಮಾಸಿ ದಿನ ಪ್ಯಾಟಿ ಬಂದ್ ಇರತೈತಿ. ಆ ದಿನದ ಬೆಲ್ಲದ ರೇಟ್ ಎಲ್ಲಿಂದ ತಂದಿ ಬೇ?"

ಸೋಮವಾರ ಮುಂಜಾನೆ ಮೊಮ್ಮಗಳು ರೂಪಾ ಹಿಂಗ್ ಚೀರಿದ್ಳು. ನಾ ಚಾದ ಕಪ್ ಕೆಳಗಿಟ್ಟೆ.

ಮೊದಲಿಂದ ಹೇಳ್ತೀನ್ರಿ. ಇಕಿ ಎಕನಾಮಿಕ್ಸದಾಗ ಪಿಎಚ್‌ಡಿ ಮಾಡಾಕತ್ತಾಳ. ಮಹಾಲಿಂಗಪುರದ ಬೆಲ್ಲದ ರೇಟು, ಮುಧೋಳದ ಬೆಲ್ಲದ ರೇಟು. ಎರಡೂ ಮೆಲ್ಲಕ ಏರತಾವ, ಧಪ್ ಅಂತ ಬೀಳತಾವ. ಗೆರಿ ಎಳದ್ರ ಡೊಂಕ. ಎರಡರ ಡೊಂಕೂ ಒಂದನೋ, ಬ್ಯಾರೆ ಬ್ಯಾರೆನೋ? ಒಂದರಾಗ ಇನ್ನೊಂದನ್ನ ತಕ್ಕಷ್ಟು ಕಳದಾಗ ಗೆರಿ ನೆಟ್ಟಗಾದ್ರ, ಡೊಂಕ ಒಂದ ಅಂತ. ಅದಕ್ಕೊಂದು ಟೆಸ್ಟ್! (ನಮ್ಮ ಇಬ್ರು ಸೊಸ್ತೇರ ಸಿಟ್ಟಿಗೂ ಇಂಥಾ ಟೆಸ್ಟ್ ಐತೇನ ಅಂತ ಕೇಳಿದೆ. ರೂಪಾ ಬಾಯಿ ಮ್ಯಾಲ ಬೆರಳಿಟ್ಳು. ಆ ಇಬ್ಬರಾಗ ಒಬ್ಬಾಕಿ, ಅಕಿ ಅವ್ವ, ಅಲ್ಲೇ ಇದ್ಳು.)

ನಾ ಈಗಷ್ಟ ಫೋನಿನ್ಯಾಗ ಟೈಪ್ ಮಾಡೂದು ಕಲತೇನಿ. ಹುರುಪು ನೋಡ್ರಿ! "ಪ್ಯಾಟ್ಯಾಗಿನ ದಲಾಲಿ ಅಂಗಡಿಯವರ ರೇಟ್ ಪಟ್ಟಿ ತಾ, ನಾ ಹೊಡದು ಕೊಡ್ತೀನಿ" ಅಂದೆ. ಒಂದ ಬೆರಳಿಲೆ ಎರಡು ತಿಂಗಳು ಹೊಡದೆ. ಪಟ್ಟ್ಯಾಗ ನಡುನಡು ಖಾಲಿ ಜಾಗ. ಮಂದಿ ಕೊಟ್ಟ ಡಬ್ಬಿ ಖಾಲಿ ವಾಪಸ್ ಕೊಡ್ತೀವೇನ್ರಿ? ಒಂದ್ ಹಿಡಿ ಸಕ್ರಿನರ ಹಾಕ್ತೀವಿಲ್ಲೋ? ಖಾಲಿ ಇದ್ದಲ್ಲೆಲ್ಲ ಹಿಂದಿನ ದಿನದ ರೇಟ್ ಹಾಕಿದೆ. ಎರಡೂ ಊರಿಗೆ.

ಟೆಸ್ಟ್ "ಹೌದು, ಡೊಂಕ ಒಂದ" ಅಂತು. ಗೈಡ್ ಸರ್ ಖುಷಿ ಆದ್ರು. ಶುಕ್ರವಾರ ಥೀಸಿಸ್‌ಗೆ ಸಹಿ ಅಂತ ಆತು.

ಆ ಸೋಮವಾರ ನೋಡಿದ್ರ, ಎರಡೂ ರೇಟ್ ಅಮಾಸಿಗೆ ಕೂಡೇ ನಿಂದ್ರತಾವ, ಮರುದಿನ ಕೂಡೇ ಜಿಗೀತಾವ. ಅದು ಬೆಲ್ಲದ ಡೊಂಕ ಅಲ್ರಿ, ನನ್ನ ಬೆರಳಿಂದು!

ನಾ ತುಂಬಿದ್ದೆಲ್ಲ ತಗದು ರೂಪಾ ಮತ್ತ ಟೆಸ್ಟ್ ಮಾಡಿದ್ಳು. "ಹೇಳಾಕ ಬರೂದಿಲ್ಲ" ಅಂತ ಬಂತು. ಇಷ್ಟು ವರ್ಷ ಓದಿ, ಹೇಳಾಕ ಬರೂದಿಲ್ಲ!

ಗೈಡ್ ಸರ್‌ಗೆ ಫೋನ್ ಹಚ್ಚಿ ಹೊಸಾ ಉತ್ತರ ಹೇಳಿದ್ಳು. ನಾ ಸ್ಪೀಕರ್ ಹಾಕಿಸಿದೆ (ಬಿಡ್ತೀನೇನು?).

"ಮೊದಲಿನ ಉತ್ತರ ಛಲೋ ಇತ್ತಲ್ಲವಾ," ಅಂದ್ರು ಸರ್. "ಅದನ್ನ ಇಡು. ಯಾರ್ ನೋಡ್ತಾರ?"

"ಇಲ್ರಿ ಸರ್." ಅಂದ್ಳು ರೂಪಾ. "ಆ ರೇಟ್ ನಮ್ಮಾಯಿ ಹಾಕಿದ್ದು, ಪ್ಯಾಟ್ಯಾಗ ಆಗಿದ್ದಲ್ಲ. ಹೇಳಾಕ ಬರೂದಿಲ್ಲ ಅಂತನ ಬರೀತೀನ್ರಿ."

ಸರ್ ಫೋನ್ ಇಟ್ರು. ಶುಕ್ರವಾರ ಬಂತು, ಹೋತು. ಸಹಿ ಆಗಲಿಲ್ಲ.

ತಲಿ ಕೆಟ್ಟ ಹೋಗೇತ್ರಿ ನಂಗ. ತಪ್ಪು ಮಾಡಿದಾಕಿ ನಾ, ನನಗ ಯಾರೂ ಬೈಲಿಲ್ಲ. ಒಪ್ಪಿಕೊಂಡಾಕಿ ಅಕಿ, ಡಿಗ್ರಿ ನಿಂತದ್ದು ಅಕೀದು.

ಸುಳ್ಳು "ಹೌದು" ಬರದಾಕಿಗೆ ಡಾಕ್ಟರ್ ಅಂತಿದ್ರು, ಖರೆ "ಗೊತ್ತಿಲ್ಲ" ಬರದಾಕಿಗೆ ಏನ್ ಅಂತಾರ್ರಿ ಮತ್ತ?