ಇಪ್ಪತ್ತು ಸಲ ಪ್ಲಗ್ ಎಳೆಯುವ ಕೆಲಸ

ಈ ಬೆಳಿಗ್ಗೆ ಒಂದು ರವಿಕೆಗೆ ಇಸ್ತ್ರಿ ಮುಗಿಸಿ ಪ್ಲಗ್ ಎಳೆದೆ. ಫಟ್ ಎಂದು ಸಣ್ಣ ಕಿಡಿ ಬಂತು, ಹಿಂದೆಯೇ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಸ್ವಿಚ್ ಆರಿಸದೆ ಪ್ಲಗ್ ಎಳೆಯಬಾರದೆಂದು ಮಕ್ಕಳಿಗೂ ಗೊತ್ತು. ನನಗೂ ಗೊತ್ತು. ಆದರೆ ನಾನು ಎಂಟು ವರ್ಷ ಮಾಡಿದ್ದೇ ಅದನ್ನು, ನನಗೆ ಅದನ್ನು ಕಲಿಸಿದವನು ನನ್ನ ತಮ್ಮ ನಂಜುಂಡಿ. ಈ ಕೆಲಸಕ್ಕೆ ಮನೆಯಲ್ಲಿ ನಿನ್ನಷ್ಟು ತಕ್ಕವರು ಇನ್ನೊಬ್ಬರಿಲ್ಲ ಎನ್ನುತ್ತಿದ್ದ. ಮನೆಯಲ್ಲಿದ್ದವರೇ ಇಬ್ಬರು, ಅದು ಬೇರೆ ಮಾತು.

ಆರ್‌ಪಿಸಿ ಲೇಔಟಿನ ಈ ಮನೆಯ ಮುಂದಿನ ಕೋಣೆ ನನ್ನ ಹೊಲಿಗೆ ಮೆಷಿನ್ನಿನದು, ಹಿಂದಿನ ಕೋಣೆ ಅವನದು. ಅವನು ವಿಜಯನಗರದ ಒಂದು ಅಂಗಡಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ. ಮನೆಗೆ ಬಂದು ಕೈಕಾಲು ತೊಳೆದ ಮೇಲೆ ಅವನ ನಿಜವಾದ ಕೆಲಸ ಶುರುವಾಗುತ್ತಿತ್ತು. ಕಂಪ್ಯೂಟರಿನಲ್ಲಿ ಎಲ್ಲಕ್ಕೂ ತಳದಲ್ಲಿ ಕೂತು ಯಾರಿಗೆ ಯಾವಾಗ ಏನು ಸಿಗಬೇಕೆಂದು ಹಂಚುವ ಒಂದು ಪ್ರೋಗ್ರಾಮು ಇರುತ್ತದಂತೆ, ಕರ್ನಲ್ ಎಂದು ಅದರ ಹೆಸರು. ಪ್ರಪಂಚದ ಎಲ್ಲೆಲ್ಲಿಯವರೋ ಸೇರಿ ಅದನ್ನು ಬರೆಯುತ್ತಾರೆ, ತಿದ್ದುತ್ತಾರೆ, ಮೇಲ್‌ನಲ್ಲಿ ಜಗಳವಾಡುತ್ತಾರೆ. ಅದರಲ್ಲಿ ಡಿಸ್ಕಿಗೆ ಬರೆಯಬೇಕಾದ್ದನ್ನು ಬ್ಲಾಕ್ ಎಂಬ ತುಂಡುಗಳಾಗಿ ಕಳಿಸುವ ಭಾಗವೊಂದಿದೆ. ಆ ಭಾಗಕ್ಕೂ ಒಂದು ಹಳೆಯ ಡಿಸ್ಕ್ ಕಾರ್ಡಿಗೂ ನಡುವೆ ಮಾತು ದಾಟಿಸುವ ಕೋಡನ್ನು ನಂಜುಂಡಿ ನೋಡಿಕೊಳ್ಳುತ್ತಿದ್ದ. ಆ ಕಾರ್ಡು ಈಗ ಎಲ್ಲೂ ತಯಾರಾಗುವುದಿಲ್ಲ. ಯಾವುದೋ ಊರಿನ ಪ್ರೆಸ್ಸಿನಲ್ಲಿ, ಯಾವುದೋ ಮಿಲ್ಲಿನಲ್ಲಿ ಇನ್ನೂ ಓಡುತ್ತಿದೆ ಅಷ್ಟೆ.

ಕುರುಬರಹಳ್ಳಿಯ ನಮ್ಮ ಮಾವ ಅವನಿಗೆ ಹೆಣ್ಣು ನೋಡುತ್ತಿದ್ದ ಕಾಲದಲ್ಲಿ ಒಮ್ಮೆ ಕೇಳಿದರು. "ಏನೋ ನಂಜುಂಡಿ, ರಾತ್ರಿಯೆಲ್ಲಾ ಕಂಪ್ಯೂಟರ್ ಮುಂದೆ ಕೂತ್ಕೋತೀಯಂತೆ. ಅದ್ಯಾವ ಕಂಪನಿ?"

"ಕಂಪನಿ ಅಲ್ಲ ಮಾವ. ಎಲ್ರೂ ಸೇರ್ಕೊಂಡು ಮಾಡೋದು."

"ಓಹೋ, ಅಣ್ಣಮ್ಮನ ಉತ್ಸವ ಇದ್ದಂಗೆ."

"ಹ್ಞೂ ಮಾವ. ಪೆಂಡಾಲ್ ಬಿಚ್ಚೋದು ಮಾತ್ರ ಇಲ್ಲ."

ಆ ಸಂಬಂಧ ಕೂಡಿಬರಲಿಲ್ಲ. ಆಮೇಲಿನವೂ ಬರಲಿಲ್ಲ. ನನ್ನದೂ ಹಾಗೆಯೇ ಆಗಿತ್ತು, ಹಾಗಾಗಿ ಆ ಮಾತು ಇಲ್ಲಿಗೆ ಸಾಕು.

ಪ್ಲಗ್ಗಿನ ವಿಷಯಕ್ಕೆ ಬರುತ್ತೇನೆ. ಒಳ್ಳೆಯ ಮೆಷಿನ್ನಿಗೆ ಹೋಗುವ ಕರೆಂಟನ್ನು ಬೇಕೆಂದೇ ಯಾಕೋ ಕೀಳುತ್ತೀಯ ಎಂದು ಮೊದಲ ದಿನ ಬೈದಿದ್ದೆ. ಅವನು ನನ್ನ ಹೊಲಿಗೆಯನ್ನೇ ಎಳೆದು ತಂದ.

"ಡಿಸ್ಕೂ ನಿನ್ನ ಥರಾನೇ ಕಣಕ್ಕ. ಗಿರಾಕಿ ಬಂದು ಕೇಳಿದ್ರೆ ನೀನೇನಂತೀಯ? ಆಯ್ತಮ್ಮ, ಹುಕ್ ಒಂದು ಬಾಕಿ ಅಂತೀಯ. ಬಟ್ಟೆ ಇನ್ನೂ ಚೀಲದಲ್ಲೇ ಇರತ್ತೆ."

"ಯಾವತ್ತೋ ಹಾಗೆ ಮಾಡಿದ್ದೆ..."

"ಯಾವತ್ತೂ ಹಾಗೇ ಮಾಡೋದು. ಡಿಸ್ಕೂ ಅಷ್ಟೆ. ಬರ್ದಾಯ್ತು ಅನ್ನತ್ತೆ, ಇನ್ನೂ ಕೈಯಲ್ಲೇ ಇಟ್ಕೊಂಡಿರತ್ತೆ. ಆ ಹೊತ್ತಿಗೆ ಕರೆಂಟ್ ಹೋದ್ರೆ ಗೊತ್ತಾಗತ್ತೆ, ನಿಜವಾಗ್ಲೂ ಬರೆದಿತ್ತೋ, ಬಾಯಿಮಾತಿಗೆ ಹೇಳ್ತೋ."

ಅವನ ಪರೀಕ್ಷೆ ಇಷ್ಟೇ. ಆ ಕಾರ್ಡು ಹಾಕಿದ ಹಳೆಯ ಕಂಪ್ಯೂಟರು ಡಿಸ್ಕಿಗೆ ಬರೆಯುತ್ತ ಹೋಗುತ್ತದೆ. ಡಿಸ್ಕು ಯಾವ್ಯಾವುದನ್ನು ಬರೆದಾಯಿತು ಎಂದು ಹೇಳಿತೋ ಅದನ್ನು ಪಕ್ಕದ ಲ್ಯಾಪ್‌ಟಾಪು ಗುರುತು ಹಾಕಿಕೊಳ್ಳುತ್ತದೆ. ನಡುವೆ ಅವನು "ಎಳಿ!" ಎನ್ನುತ್ತಾನೆ, ನಾನು ಎಳೆಯುತ್ತೇನೆ. ಮತ್ತೆ ಶುರು ಮಾಡಿ ಎರಡನ್ನೂ ಹೋಲಿಸಿದರೆ, ಬರೆದೆ ಎಂದು ಹೇಳಿ ಬರೆಯದೆ ಬಿಟ್ಟದ್ದು ಎಷ್ಟು ಎಂಬ ಸಂಖ್ಯೆ ಪರದೆಯ ಮೇಲೆ ಬರುತ್ತದೆ. ಸೊನ್ನೆ ಬರಬೇಕು. ಹೀಗೆ ಇಪ್ಪತ್ತು ಸಲ. ತಾನೇ ಎಳೆದರೆ ಯಾವ ಗಳಿಗೆಯಲ್ಲಿ ಎಳೆಯುತ್ತೇನೆಂದು ಮೊದಲೇ ಗೊತ್ತಿರುತ್ತದೆ, ಅದು ಮೋಸ ಎನ್ನುತ್ತಿದ್ದ. ನನಗೆ ಕಿವಿ ಸ್ವಲ್ಪ ಮಂದ. ಅವನು ಕೂಗಿ ನಾನು ಎಳೆಯುವಷ್ಟರಲ್ಲಿ ಒಂದೊಂದು ಸಲ ಒಂದೊಂದು ರೀತಿ ತಡವಾಗುತ್ತಿತ್ತು. ನನ್ನ ಜೀವನದಲ್ಲಿ ಕಿವಿ ಮಂದವಾದದ್ದಕ್ಕೆ ನನ್ನನ್ನು ಹೊಗಳಿದವನು ಅವನೊಬ್ಬನೇ. ಬಂದ ಸಂಖ್ಯೆಯನ್ನು ನನ್ನ ಅಳತೆ ಪುಸ್ತಕದಲ್ಲೇ ಬರೆದಿಡುತ್ತಿದ್ದೆ. ಎದೆ ಮೂವತ್ತಾರು, ತೋಳು ಹತ್ತು, ಅದರ ಕೆಳಗೆ ಸೊನ್ನೆ, ಸೊನ್ನೆ, ಸೊನ್ನೆ.

ಕಳೆದ ವರ್ಷ ಕರ್ನಲ್ಲಿನವರು ಆ ಬ್ಲಾಕಿನ ಭಾಗವನ್ನು ಹೊಸದು ಮಾಡಿದರು. ಮೊದಲು ಎಲ್ಲ ತುಂಡುಗಳೂ ಒಂದೇ ಸಾಲಿನಲ್ಲಿ ಡಿಸ್ಕಿಗೆ ಹೋಗುತ್ತಿದ್ದವಂತೆ. ಇನ್ನು ಮೇಲೆ ಅಕ್ಕಪಕ್ಕ ಹಲವು ಸಾಲು. ಪ್ರತಿಯೊಂದು ಕಾರ್ಡನ್ನು ನೋಡಿಕೊಳ್ಳುವವರೂ ತಮ್ಮ ಕೋಡನ್ನು ಅದಕ್ಕೆ ಹೊಂದಿಸಿಕೊಡಬೇಕು, ಕೊಡದಿದ್ದರೆ ಆ ಕಾರ್ಡಿನ ಕೋಡನ್ನೇ ತೆಗೆದುಹಾಕುತ್ತಾರೆ. ನಂಜುಂಡಿ ಮೂರು ತಿಂಗಳು ಕೂತು ತಿದ್ದಿದ. ಪರೀಕ್ಷೆ ಶುರು ಮಾಡಿದೆವು. ಹನ್ನೊಂದು ಸಲ ಸೊನ್ನೆ ಬಂತು. ಹನ್ನೆರಡನೆಯದಕ್ಕೆ ಮೊದಲು ಅವನಿಗೆ ಹೊಟ್ಟೆನೋವು ಬಂತು, ಕಣ್ಣು ಹಳದಿಯಾಗಿತ್ತು. ಎರಡು ದಿನದಲ್ಲಿ ಕಳಿಸುತ್ತೇವೆಂದು ಆಸ್ಪತ್ರೆಯಲ್ಲಿ ಸೇರಿಸಿಕೊಂಡರು.

ಮೂರನೆಯ ದಿನ ಅಲ್ಲಿಂದ ಫೋನ್ ಮಾಡಿದ. ಉಳಿದದ್ದನ್ನು ಒಬ್ಬಳೇ ಮಾಡುವುದು ಹೇಗೆಂದು ಹೋಗುವಾಗಲೇ ಚೀಟಿಯಲ್ಲಿ ಬರೆದುಕೊಟ್ಟಿದ್ದ.

"ಅಕ್ಕ, ಆ ಒಂಬತ್ತು ಆಯ್ತಾ?"

"ಆಯ್ತು ಕಣೋ. ಎಲ್ಲಾ ಸೊನ್ನೆ."

"ಅಬ್ಬ. ಹಂಗಾದ್ರೆ ಕೋಡನ್ನ ಇಲ್ಲಿಂದ್ಲೇ ಫೋನಲ್ಲಿ ಅವರಿಗೆ ಕಳಿಸ್ಬಿಡ್ತೀನಿ."

ಅವನ ಸಮಾಧಾನಕ್ಕಾಗಿ ಹಾಗೆ ಹೇಳಿದೆ ಎಂದು ನಿಮ್ಮೆದುರು ಬರೆದುಕೊಳ್ಳಬಹುದು. ಅದು ನಿಜವಲ್ಲ. ಒಂದು ಮದುವೆಯ ಆರು ರವಿಕೆ ಹೊಲಿಯುವುದು ತಲೆಯ ಮೇಲಿತ್ತು, ನನಗೆ ಮರೆತುಹೋಗಿತ್ತು. ಬಾಯಿ ತನ್ನ ಅಭ್ಯಾಸದಂತೆ ಆಯ್ತು ಎಂದಿತು. ರವಿಕೆ ಕೊಟ್ಟು ಬಂದು ಮಾಡಿಬಿಟ್ಟರಾಯಿತು ಎಂದುಕೊಂಡೆ. ರವಿಕೆ ಕೊಡುವ ದಿನ ಬರುವ ಮೊದಲೇ ಅವನು ಹೋಗಿಬಿಟ್ಟ.

ಎರಡು ತಿಂಗಳು ನಾನು ಆ ಕೋಣೆಯ ಬಾಗಿಲು ತೆಗೆಯಲಿಲ್ಲ. ಆಮೇಲೊಂದು ಭಾನುವಾರ ಫಯಾಜ್ ಬಂದ. ಅಂಗಡಿಯಲ್ಲಿ ನಂಜುಂಡಿಯ ಜೊತೆ ಕೆಲಸ ಮಾಡಿದವನು, ಈಗ ಅತ್ತಿಗುಪ್ಪೆಯಲ್ಲಿ ತನ್ನದೇ ಅಂಗಡಿ ಇಟ್ಟುಕೊಂಡಿದ್ದಾನೆ. ಕರ್ನಲ್ಲಿನ ಹುಚ್ಚು ಅವನಿಗೂ ಅಷ್ಟಿಷ್ಟು ಅಂಟಿತ್ತು.

"ಅಕ್ಕಾ, ನಂಜುಂಡಿ ಕೊನೇಲಿ ಕಳಿಸಿದ್ದು ಹಂಗೇ ಕೂತಿದೆ. ಅವರೇನೋ ಕೇಳಿದಾರೆ, ಉತ್ತರ ಹೋಗಿಲ್ಲ. ಈ ತಿಂಗಳು ಯಾರೂ ಮಾತಾಡಿಲ್ಲ ಅಂದ್ರೆ ಕಾರ್ಡಿನ ಕೋಡೇ ತೆಗೀತಾರೆ."

"ತೆಗೆದ್ರೆ?"

"ಎಂಟು ವರ್ಷದ ಕೆಲ್ಸ ಅಕ್ಕಾ. ಅಲ್ಲಿ ಅವನ ಹೆಸರೇ ಇರಲ್ಲ. ನೀವೇನೂ ಯೋಚ್ನೆ ಮಾಡ್ಬೇಡಿ, ಅವನ ಹೆಸರಲ್ಲೇ ನಾನು ಇನ್ನೊಂದ್ಸಲ ಕಳಿಸ್ತೀನಿ. ಇಪ್ಪತ್ತು ಸಲ ಪ್ಲಗ್ ಎಳೆದು ನೋಡಿದೀವಿ ಅಂತ ಅವನೇ ಬರ್ದಿದಾನೆ. ಅವನ ಮಾತು ಅಂದ್ರೆ ಅವರು ಒಪ್ತಾರೆ."

ನಾನು ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟೆ. "ಹನ್ನೊಂದೇ ಆಗಿರೋದು ಫಯಾಜ್."

ಅವನಿಗೆ ಅರ್ಥವಾಗಲಿಲ್ಲ. ಅಳತೆ ಪುಸ್ತಕ ತಂದು ತೋರಿಸಿದೆ, ಫೋನಿನಲ್ಲಿ ನಾನು ಹೇಳಿದ್ದನ್ನೂ ಹೇಳಿದೆ. ಅವನು ಹನ್ನೊಂದು ಸೊನ್ನೆಗಳನ್ನೂ ಬೆರಳಿಟ್ಟು ಎಣಿಸಿದ.

"ಆ ಕಾರ್ಡ್ ಅವರ್ಯಾರ ಹತ್ರಾನೂ ಇಲ್ಲ ಅಕ್ಕಾ. ಚೆಕ್ ಮಾಡೋರು ಯಾರೂ ಇಲ್ಲ. ನೀವು ಹೇಳದೇ ಇದ್ದಿದ್ರೆ..."

"ಅವನಿದ್ದಿದ್ರೆ ಏನಂತಿದ್ದ?"

"ಅವನಾ? ನಮ್ಮಿಬ್ಬರನ್ನೂ ಮನೆಯಿಂದ ಓಡಿಸ್ತಿದ್ದ" ಎಂದು ಎದ್ದು ಶರಟಿನ ತೋಳು ಮಡಚಿದ. "ಬನ್ನಿ, ಎಳೀರಿ."

ಕೋಣೆಯಲ್ಲಿ ಧೂಳು ಬಿಟ್ಟರೆ ಎಲ್ಲವೂ ಇದ್ದ ಹಾಗೆಯೇ ಇತ್ತು. ಹನ್ನೆರಡು, ಹದಿಮೂರು, ಹದಿನಾಲ್ಕು, ಮೂರೂ ಸೊನ್ನೆ. ಫಯಾಜ್ ನನ್ನ ಕಡೆ ನೋಡಿ ನಕ್ಕ. ಹದಿನೈದನೆಯ ಸಲ ಪರದೆಯ ಮೇಲೆ ಮೂರು ಎಂದು ಬಂತು. ಎಂಟು ವರ್ಷದಲ್ಲಿ ಆ ಜಾಗದಲ್ಲಿ ನಾನು ಬೇರೆ ಅಂಕಿ ಕಂಡದ್ದು ನಾಲ್ಕೈದು ಸಲ ಇರಬಹುದು, ಕಂಡಾಗಲೆಲ್ಲ ಬೈದುಕೊಂಡು ತಿದ್ದಲು ಅವನಿದ್ದ.

ತಪ್ಪು ಹುಡುಕಲು ಫಯಾಜ್‌ಗೆ ಎರಡು ಭಾನುವಾರ ಹಿಡಿಯಿತು. ಕೈಯಲ್ಲಿಟ್ಟುಕೊಂಡದ್ದನ್ನು ಈಗ ಬರೆದುಬಿಡು ಎಂದು ಡಿಸ್ಕಿಗೆ ಹೇಳುವ ಮಾತು ಒಂದು ಸಾಲಿನಲ್ಲಿ ಹೋಗುತ್ತಿತ್ತು. ಬರೆಯಬೇಕಾದ್ದು ಇನ್ನೊಂದು ಸಾಲಿನಲ್ಲಿ, ಅಪರೂಪಕ್ಕೊಮ್ಮೆ, ಅದರ ಹಿಂದೆ ಉಳಿಯುತ್ತಿತ್ತು. ಅಂದು ನಾನು ಒಂಬತ್ತನ್ನೂ ಮಾಡಿದ್ದರೆ ಈ ಮೂರು ಅಂದೇ ಕಾಣುತ್ತಿತ್ತು, ನಂಜುಂಡಿ ಆಸ್ಪತ್ರೆಯ ಮಂಚದ ಮೇಲೆ ಕೂತೇ ಅದನ್ನು ಸರಿಮಾಡುತ್ತಿದ್ದ. ಮಾಡದ್ದರಿಂದ, ಜೀವಮಾನದಲ್ಲಿ ಒಂದು ಸಲವೂ ಸುಳ್ಳು ಬರೆಯದವನು ಕೊನೆಗೆ ಬರೆದದ್ದು ಸುಳ್ಳಾಯಿತು. ಅದು ನನ್ನ ಸುಳ್ಳು ಎಂದು ಅವನಿಗೆ ಗೊತ್ತೂ ಆಗಲಿಲ್ಲ.

ಮೇಲ್ ಬರೆಯುವಾಗ ಫಯಾಜ್ ತಡವರಿಸಿದ. "ಟೆಸ್ಟಲ್ಲಿ ಒಂದು ಸಣ್ಣ ತಪ್ಪಿತ್ತು ಅಂತ ಬರೀಲಾ ಅಕ್ಕಾ?"

"ಬೇಡಪ್ಪ. ಹನ್ನೊಂದು ಸಲ ಮಾತ್ರ ಆಗಿತ್ತು, ಉಳಿದದ್ದು ಆಗಿದೆ ಅಂತ ಅವನಕ್ಕ ಸುಳ್ಳು ಹೇಳಿದ್ಲು, ಅವನಿಗೆ ಗೊತ್ತಿರಲಿಲ್ಲ ಅಂತ ಬರಿ. ಅವನು ಈಗಿಲ್ಲ ಅಂತಾನೂ ಬರಿ."

ಅವನು ಅದನ್ನೇ ಇಂಗ್ಲಿಷಿನಲ್ಲಿ ಬರೆದ. ಬರೆದವರು ಎಂದು ನಂಜುಂಡಿಯ ಹೆಸರು ಹಾಗೇ ಉಳಿಯುತ್ತದೆ, ತಿದ್ದಿದ್ದನ್ನು ಅದರ ಕೆಳಗೆ ತನ್ನ ಹೆಸರಿನಲ್ಲಿ ಹೇಳುತ್ತೇನೆ ಎಂದ. ಪರೀಕ್ಷೆ ಮಾಡಿದವರ ಹೆಸರನ್ನೂ ಹಾಕುವುದು ಅವರಲ್ಲಿ ಪದ್ಧತಿಯಂತೆ. ನನ್ನ ಹೆಸರಿನ ಸ್ಪೆಲ್ಲಿಂಗ್ ಕೇಳಿಕೊಂಡು ಹಾಕಿದ.

ನಾಲ್ಕು ದಿನಕ್ಕೆ ಉತ್ತರ ಬಂತು. ಮೊದಲು, ನಂಜುಂಡಿ ಹೋದ ಸುದ್ದಿಗೆ ಬೇಸರವಾಯಿತು, ಅವನು ಜಾಗರೂಕ ಮನುಷ್ಯ ಎಂದು ಎರಡು ಸಾಲು. ನನ್ನ ಸುಳ್ಳಿನ ಬಗ್ಗೆ ಒಂದು ಮಾತೂ ಇರಲಿಲ್ಲ. ಫಯಾಜ್ ತಿದ್ದಿದ ರೀತಿ ಸರಿಯಿಲ್ಲ, ಹೀಗೆ ಬದಲಾಯಿಸಿ ಎಂದು ಆಮೇಲೆ ಒಂದು ಪುಟ. ಕೊನೆಯಲ್ಲಿ ಒಂದು ಸಾಲನ್ನು ಫಯಾಜ್ ಎರಡು ಸಲ ಓದಿ ಹೇಳಿದ. ಬದಲಾಯಿಸಿದ ಮೇಲೆ ನಂಜುಂಡಿಯ ಅಕ್ಕ ಇನ್ನೊಮ್ಮೆ ಪರೀಕ್ಷಿಸಿ ಹೇಳಲು ಆದೀತೇ, ಅವರು ಹೇಳುವವರೆಗೆ ಕಾಯುತ್ತೇವೆ.

ಬದಲಾಯಿಸಿದ್ದನ್ನು ಫಯಾಜ್ ಮೊನ್ನೆ ಸಂಜೆ ಹಾಕಿಕೊಟ್ಟು ಹೋಗಿದ್ದಾನೆ. ಕೂಗಲು ಯಾರೂ ಇಲ್ಲ. ಹಾಗಾಗಿ ಬೀದಿಯಲ್ಲಿ ಯಾವುದಾದರೂ ಗಾಡಿಯ ಹಾರನ್ ಕೇಳಿದಾಗ ಎಳೆಯುತ್ತೇನೆ. ಯಾವಾಗ ಕೇಳುತ್ತದೆಂದು ನನಗೂ ಗೊತ್ತಿರುವುದಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಎರಡು, ದೀಪ ಹಚ್ಚುವ ಮೊದಲು ಒಂದು. ಈಗ ತಾನೇ ಫಯಾಜ್ ಫೋನ್ ಮಾಡಿದ್ದ.

"ಅಕ್ಕಾ, ಅವರು ಕೇಳ್ತಾ ಇದಾರೆ. ಏನಂತ ಹೇಳ್ಲಿ?"

"ಏಳಾಗಿದೆ, ಏಳೂ ಸೊನ್ನೆ. ಇನ್ನೂ ಹದಿಮೂರು ಆಗಿಲ್ಲ ಅಂತ ಹೇಳು" ಎಂದೆ.