ಚಂದಮ್ಮತ್ತೆಯ ಬಾವಿಗೆ ಬಿದ್ದ ವಿಮಾನ

ನನ್ನ ಸೋದರತ್ತೆ ಚಂದಮ್ಮ ಯಾರನ್ನೂ ಬೈದವಳಲ್ಲ, ಹೊಗಳುತ್ತಿದ್ದಳು. ಬೇರೆಯವರಿಂದ ಬೈಸಿಕೊಂಡವರು ಸಂಜೆಯೊಳಗೆ ಮರೆಯುತ್ತಿದ್ದರು. ಅವಳಿಂದ ಹೊಗಳಿಸಿಕೊಂಡವರು ಮಾತ್ರ ಬಹಳ ದಿನ ಅವಳ ಓಣಿಯ ಕಡೆ ತಲೆ ಹಾಕುತ್ತಿರಲಿಲ್ಲ.

ಕಮಲಾಪುರದಲ್ಲಿ ಅವಳದೊಂದು ಕೆಂಪು ಬಾಳೆಯ ತೋಟ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ನಡೆಸುತ್ತಿದ್ದಳು. ಮಹಾಯುದ್ಧದ ಕಾಲದ ಒಂದು ಬೇಸಿಗೆಯಲ್ಲಿ ಆ ತೋಟದ ಮೇಲೆ ಯುದ್ಧವಿಮಾನವೊಂದು ಬಿತ್ತು. ರೆಕ್ಕೆ ಬಾಳೆಯ ಸಾಲಿನಲ್ಲಿ, ಬಾಲ ಬದುವಿನ ಮೇಲೆ, ಎಂಜಿನ್ನು ನೇರ ಬಾವಿಯೊಳಗೆ. ಊರಿನ ಗಂಡಸರು ದಿಕ್ಕಾಪಾಲಾಗಿ ಓಡಿದರು. ಅತ್ತೆಯೊಬ್ಬಳೇ ನೀರಿನ ಕೊಡ ಹೊತ್ತು ಬೆಂಕಿಯ ಕಡೆ ಓಡಿದ್ದಳು. ಅಷ್ಟರಲ್ಲಿ ಒಳಗಿದ್ದ ಇಬ್ಬರೂ ಸತ್ತಿದ್ದರು.

ಮುಂದಿನ ಸಂತೆಯಲ್ಲಿ ಊರ ಗೌಡರು ಸಿಕ್ಕರು. “ನಮ್ಮ ಗೌಡ್ರು ಗಟ್ಟಿ ಮನಿಷ್ಯಾ ನೋಡ್ರಿ” ಎಂದು ಅತ್ತೆ ನಾಲ್ಕು ಜನಕ್ಕೆ ಕೇಳುವಂತೆ ಹೇಳಿದಳು. “ಆ ಸಪ್ಪಳಕ್ಕ ಎದ್ದವರು ಅಷ್ಟು ದೂರದ ಶರಣಸಿರಸಗಿ ಊರ ತನಕಾ ಓಡ್ಯಾರ, ಒಂದೀಟು ದಮ್ಮು ಹತ್ತಿಲ್ಲ.”

ವಿಮಾನ ಬಿದ್ದ ಮರುದಿನವೇ ಫೌಜಿನವರು ಲಾರಿಯಲ್ಲಿ ಬಂದು ಹೆಣಗಳನ್ನೂ ಮುರಿದ ತಗಡನ್ನೂ ಒಯ್ದಿದ್ದರು. ಎಂಜಿನ್ನು ಎತ್ತಲು ಅವರ ಬಳಿ ಹಗ್ಗವಿರಲಿಲ್ಲ. “ಇದು ಜಂಗಿ ಮಾಲು, ಫೌಜಿನ ಸೊತ್ತು, ಯಾರೂ ಮುಟ್ಟಕೂಡದು” ಎಂದು ಬಾವಿಗೊಬ್ಬ ಸಿಪಾಯಿಯನ್ನು ಕಾವಲಿಟ್ಟು ಹೋದರು. ಎತ್ತು ಕಟ್ಟಿ ನೀರೆತ್ತುವ ಕಪಿಲೆ ನಿಂತಿತು. ಬಾಳೆಯ ಎಲೆ ಅಂಚಿನಿಂದ ಒಣಗತೊಡಗಿತು.

ಅತ್ತೆ ಸಿಪಾಯಿಯೊಂದಿಗೆ ಜಗಳವಾಡಲಿಲ್ಲ. ಜೋಳದ ರೊಟ್ಟಿಗೆ ಕೆಂಪು ಮೆಣಸಿನಕಾಯಿಯ ಚಟ್ನಿ ಮೆತ್ತಿ ಅಕ್ಕರೆಯಿಂದ ಬಡಿಸಿದಳು. ಎರಡನೆಯ ತುತ್ತಿಗೆ ಅವನ ಕಣ್ಣಲ್ಲಿ ನೀರು ಬಂತು. ಬಾಯಿಗೂ ನೀರು ಬೇಕಾಯಿತು.

“ಹ್ಯಾಂಗ ಕೊಡ್ಲೆಪ್ಪಾ? ಬಾವಿ ಸರಕಾರದ್ದು. ನಾ ಕೊಡ ಇಳಿಸಿದ್ರ ನೀನಽ ನನ್ನ ಹಿಡೀತಿ.”

“ಸೇದವ್ವಾ, ನಾ ನೋಡಂಗಿಲ್ಲ.”

“ನೋಡ್ದಿದ್ರ ಹ್ಯಾಂಗ? ನೋಡಾಕ ಅಂತನಽ ಪಗಾರ ಕೊಡ್ತಾರಲ್ಲ ನಿನಗ.”

ಕೊನೆಗೆ ಸೇದಿ ಕೊಟ್ಟಳು. ಆದರೆ ಕೊಡದ ನೀರಿನಿಂದ ಬಾಳೆ ಬದುಕುವುದಿಲ್ಲ. ಮರುದಿನ ಬಂಡಿ ಕಟ್ಟಿಕೊಂಡು ಕಲಬುರಗಿಗೆ ಬಂದಳು. ಕೋಟೆಯ ಹತ್ತಿರದ ಶಾಲೆಯಲ್ಲಿ ನಾನಾಗ ಉರ್ದು ಕಲಿಸುತ್ತಿದ್ದೆ. ಹೈದರಾಬಾದ್ ಸರಕಾರದ ಜಿಲ್ಲಾ ಕಚೇರಿಯ ಸಾಹೇಬರಿಗೆ ಅವಳ ಮಾತನ್ನು ಉರ್ದುವಿನಲ್ಲಿ ಹೇಳುವ ಕೆಲಸ ನನ್ನದಾಯಿತು.

ಹೈದರಾಬಾದಿನಿಂದ ಕಾಗದ ಬರುವವರೆಗೆ ಎಂಜಿನ್ನು ಅಲುಗಾಡಿಸುವಂತಿಲ್ಲ ಎಂದರು ಸಾಹೇಬರು.

“ಕೇಳು ಅವರಿಗೆ” ಎಂದಳು ಅತ್ತೆ. “ಮ್ಯಾಲಿಂದ ನನ್ನ ಬಾವ್ಯಾಗ ಬೀಳೋವಾಗ ಅದು ಕಾಗದಾ ತಗೊಂಡು ಬಂದಿತ್ತೇನು ಅಂತ.”

ನಾನು ಗಂಟಲು ಸರಿಮಾಡಿಕೊಂಡು, ಈ ಬಡ ವಿಧವೆ ಹುಜೂರರ ದೀರ್ಘಾಯುಷ್ಯ ಹಾರೈಸಿ ದಯೆ ಬೇಡುತ್ತಿದ್ದಾಳೆ ಎಂದು ಉರ್ದುವಿನಲ್ಲಿ ವಿನಂತಿಸಿದೆ. ಸಾಹೇಬರು ಲೇಖನಿ ಕೆಳಗಿಟ್ಟರು.

“ಮಾಸ್ತರ, ಆಕಿ ಹಂಗ ಅಂದಿಲ್ಲಲ್ರೀ” ಎಂದರು, ಅಚ್ಚ ನಮ್ಮೂರ ಕನ್ನಡದಲ್ಲಿ.

ಕಚೇರಿಯೆಲ್ಲ ನಕ್ಕಿತು. ಸಾಹೇಬರೂ ನಕ್ಕರು. ಹುಕುಮನ್ನು ಮಾತ್ರ ಕೊಡಲಿಲ್ಲ. ಹೊರಗೆ ಬಂದ ಮೇಲೆ ಅತ್ತೆ ನನ್ನ ಬೆನ್ನು ಸವರಿದಳು. “ಭಾಳ ಶಾಣ್ಯಾ ಅದಿಯಪ್ಪಾ ನೀ. ನನ್ನ ಮಾತಿಗೂ ಸಕ್ರಿ ಹಚ್ಚಿ ಮಾರಿದಿ.” ನಾನು ಹೊಗಳಿಸಿಕೊಂಡದ್ದು ಅದೊಂದೇ ಸಲ.

ರಜೆಯಿತ್ತು, ಅವಳ ಜೊತೆಗೇ ಕಮಲಾಪುರಕ್ಕೆ ಹೋದೆ. ಬಂಡಿ ಇಳಿದವಳೇ ಸಿಪಾಯಿಯ ಮುಂದೆ ಕುಳಿತಳು. “ಏನಪ್ಪಾ, ನೀ ಕಾಯಬೇಕಾದ್ದು ಎಂಜಿನ್ನೋ, ನೀರೋ?”

“ಎಂಜಿನ್ನು.”

“ಹಂಗಾರ ಅದು ಬಾವ್ಯಾಗ ಇದ್ರೇನು, ಬೇವಿನ ಗಿಡದ ಕೆಳಗ ಇದ್ರೇನು? ನೆಳ್ಳಾಗ ಕುಂತು ಕಾಯಿ.”

ಸಿಪಾಯಿ ಬಿಸಿಲನ್ನೂ ನೋಡಿದ, ಬೇವಿನ ಮರವನ್ನೂ ನೋಡಿದ. ಮಾತು ನ್ಯಾಯವಾಗಿಯೇ ಕಂಡಿತು.

ನೆರೆಹೊರೆಯವರ ಎತ್ತುಗಳೆಲ್ಲ ಬಂದವು. ಹಗ್ಗ ಹಚ್ಚಲು ಗೌಡರೇ ಮುಂದೆ ನಿಂತರು; ಸಂತೆಯ ಮಾತು ಅವರಿಗಿನ್ನೂ ಉರಿಯುತ್ತಿತ್ತು. ಎಂಜಿನ್ನು ಕೆಸರು ಸುರಿಸುತ್ತ ಮೇಲೆ ಬಂದಾಗ ಜನ ಕೇಕೆ ಹಾಕಿದರು. ಅದರ ತಂತಿಗಳಿಗೆ ಒಂದು ಬೂಟು ಸಿಕ್ಕಿಕೊಂಡಿತ್ತು. ಸಣ್ಣ ಕಾಲಿನ ಬೂಟು, ಸತ್ತ ಇಬ್ಬರಲ್ಲಿ ಯಾವನೋ ಹರೆಯದ ಹುಡುಗನದೇ ಇರಬೇಕು. ಯಾರೋ ಅದನ್ನು ಕಿತ್ತು, ಗೌಡರ ಅಳತೆಗೆ ಸರಿಯಾಗುತ್ತದೆಯೇ ನೋಡೋಣ ಎಂದು ತಮಾಷೆ ಮಾಡಿದರು. ಅತ್ತೆ ಬೂಟನ್ನು ತಮಾಷೆ ಮಾಡಿದವರ ಕೈಯಿಂದ ಇಸಕೊಂಡಳು. ಜನರ ನಗೆ ತಾನಾಗಿ ನಿಂತಿತು.

ಬೂಟು ತೊಳೆದಳು, ಸೆರಗಿನಿಂದ ಒರೆಸಿದಳು, ಸಿಪಾಯಿಗೆ ಕೊಟ್ಟಳು. “ಇದು ಅವರ ಮನಿಗೆ ಮುಟ್ಟಬೇಕು.”

“ಒಂದಽ ಅದಲ್ಲವ್ವಾ. ಒಂದು ಬೂಟು ತಗೊಂಡು ಅವರೇನ್ ಮಾಡ್ತಾರ?”

“ಹಡದಾಕಿಗೆ ಒಂದು ಸಾಲಂಗಿಲ್ಲಂತ ನಿನಗ ಯಾರು ಹೇಳ್ಯಾರ?” ಎಂದಳು.

ಆ ಬೇಸಿಗೆ ಅರ್ಧ ತೋಟ ಹೋಯಿತು, ಅರ್ಧ ಉಳಿಯಿತು. ಎಂಜಿನ್ನು ಬೇವಿನ ಬುಡದಲ್ಲಿ ತುಕ್ಕು ಹಿಡಿಯಿತು. ಸಿಪಾಯಿಯನ್ನು ಯಾವಾಗಲೋ ಹಿಂದಕ್ಕೆ ಕರೆಸಿಕೊಂಡರು. ಅವನು ಹೋಗುವಾಗ ಬೂಟನ್ನು ಬಗಲಲ್ಲಿಟ್ಟುಕೊಂಡು ಹೋದನೆಂದು ನೋಡಿದವರು ಹೇಳಿದರು. ಊರ ಹೊರಗಿನ ಹಳ್ಳ ದಾಟುವವರೆಗಾದರೂ ಒಯ್ದಿರಬಹುದು ಎಂದು ನನ್ನ ಲೆಕ್ಕ.

ಅತ್ತೆಯನ್ನು ನಾನು ಕೊನೆಯ ಸಲ ನೋಡಿದ್ದು ನನಗೆ ರಾಯಚೂರಿಗೆ ವರ್ಗವಾದಾಗ. ಮರುವರ್ಷ ಅವಳು ಜ್ವರದಲ್ಲಿ ತೀರಿಕೊಂಡಳು. ನಾನು ಬರುವಷ್ಟರಲ್ಲಿ ಮಣ್ಣಾಗಿತ್ತು. ವರ್ಗವಾದಾಗ ಹೇಳಿ ಹೋಗಲು ನಾನು ತೋಟಕ್ಕೆ ಹೋದ ದಿನ ಕಪಿಲೆ ಹೊಡೆಯುತ್ತಿದ್ದಳು. ನನ್ನ ಹೊಸ ಊರು, ಸಂಬಳ ಏನನ್ನೂ ಕೇಳಲಿಲ್ಲ.

“ಆ ಬೂಟು ಅವರಿಗೆ ಮುಟ್ಟಿರಬೇಕಲ್ಲ?” ಎಂದಳು.

ಯುದ್ಧದ ಗದ್ದಲ, ಠಾಣೆ, ಫೌಜು, ಯಾರ ವಿಳಾಸ ಯಾರಿಗೆ ಗೊತ್ತು ಎಂದು ನಾನು ಶುರುಮಾಡಿದೆ. ಅವಳು ಕೈಯೆತ್ತಿ ತಡೆದಳು.

“ಅದೆಲ್ಲಾ ನನಗೂ ತಿಳೀತದ. ಮುಟ್ಯಾದ ಅನ್ನು.”

“ಮುಟ್ಯಾದ ಅತ್ತಿ” ಎಂದೆ.

“ಹೂಂ” ಎಂದವಳು, ಎತ್ತುಗಳನ್ನು ಮತ್ತೆ ಬಾವಿಯ ಕಡೆ ತಿರುಗಿಸಿದಳು.